ಹದ್ದು ಓಡಿಸುವ ಜೋಡಿ

ರಸೂಲ್‌ಪುರ, ಹೈದರಾಬಾದ್
18 ನವೆಂಬರ್ 2007

ಬೂದೆಪ್ಪ ಕಾಕಾ ಅವರ ಕಾಲು ಮುಟ್ಟಿ ಪರಮೇಶ ಬರೆಯುವುದು.

ನೀವು ಬೇಗಂಪೇಟೆಯಲ್ಲಿ ರೈಲು ಹತ್ತಿ ಇವತ್ತಿಗೆ ಹದಿಮೂರು ದಿನ. ಸುಖವಾಗಿ ಸೇಡಂ ಮುಟ್ಟಿದ ಸುದ್ದಿಯನ್ನು ನಿಮ್ಮ ಕಡೆಯ ಗೌಂಡಿ ಕೆಲಸದವರೊಬ್ಬರು ಹೇಳಿದರು. ಕಾಗದ ತಂದಿಟ್ಟುಕೊಂಡು ನಾಲ್ಕು ದಿನವಾಯಿತು. ಏನು ಬರೆಯಬೇಕೆಂದು ತೋಚದೆ ಸುಮ್ಮನಿದ್ದೆ.

ಇಲ್ಲಿ ಕೆಲಸ ಮೊದಲಿನಂತೆಯೇ ನಡೆದಿದೆ. ವಿಮಾನಕ್ಕೆ ಅಡ್ಡ ಬರುವ ಹದ್ದು ಓಡಿಸಲು ಬೆಳಿಗ್ಗೆ ಆರಕ್ಕೆ ರನ್‌ವೇ ಪಕ್ಕದ ಹಾದಿ ಹಿಡಿಯುತ್ತೇವೆ. ಈಗ ನನ್ನ ಜೋಡಿ ಅಂಬಾದಾಸ. ದಿನದ ಮೊದಲ ಪಟಾಕಿ ಹಚ್ಚುವ ಮುನ್ನ ನೀವು ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಿರಿ. ಅವನು ಹಚ್ಚಿದವನೇ ಎಸೆದು ಓಡುತ್ತಾನೆ. ನಿನ್ನೆ ಒಂದು ಹದ್ದು ಪಟಾಕಿಯ ಹೊಗೆಯೊಳಗಿಂದಲೇ ಹಾದುಹೋಯಿತು. ತಾಯಪ್ಪ ನಗುತ್ತಾ, "ಬೂದೆಪ್ಪ ಕಾಕಾ ಇಲ್ಲ ಅಂತ ಅದಕ್ಕೂ ಗೊತ್ತಾಗೈತಿ" ಎಂದ.

ಮಾರ್ಚಿಗೆ ಬೇಗಂಪೇಟೆ ನಿಲ್ದಾಣ ಮುಚ್ಚುವುದು ಖಂಡಿತವಂತೆ. ಆಮೇಲೆ ಎಲ್ಲ ವಿಮಾನಗಳೂ ಶಂಷಾಬಾದಿನ ಹೊಸ ನಿಲ್ದಾಣಕ್ಕೆ.

ಕಾಕಾ, ಹೊಸ ಕಡೆಗೆ ನಮ್ಮ ನಾಲ್ವರಲ್ಲಿ ಮೂವರನ್ನು ಒಯ್ಯುತ್ತೇವೆ ಎಂದು ಗುತ್ತಿಗೆದಾರರು ಹೇಳಿದ್ದರಲ್ಲ. ತಾಯಪ್ಪನನ್ನೂ ಅಂಬಾದಾಸನನ್ನೂ ತೆಗೆದುಕೊಂಡರು. ನನ್ನನ್ನು ತೆಗೆದುಕೊಳ್ಳಲಿಲ್ಲ. ಎಡಗಣ್ಣಿನಲ್ಲಿ ದೋಷವಿದೆಯಂತೆ. ಮುಚ್ಚುವ ತನಕ ಇಲ್ಲೇ ಇರುತ್ತೇನೆ. ಆಮೇಲಿನದು ಗೊತ್ತಿಲ್ಲ.

ಯಂಕಮ್ಮ ಚಿಕ್ಕಮ್ಮನಿಗೆ ನನ್ನ ನಮಸ್ಕಾರ.

ನಿಮ್ಮ
ಪರಮೇಶ

*

ಅಗಸಿ ಓಣಿ, ಸೇಡಂ
2 ಡಿಸೆಂಬರ್ 2007

ಪರಮೇಶಣ್ಣನವರಿಗೆ,

ಇದನ್ನು ಬರೆಯುತ್ತಿರುವವಳು ಬೂದೆಪ್ಪನವರ ಮಗಳು ಗಂಗಾ. ನಾವು ಒಬ್ಬರನ್ನೊಬ್ಬರು ನೋಡಿಲ್ಲ. ಆದರೆ ನಾಲ್ಕು ವರ್ಷದಿಂದ ಅಪ್ಪ ಊರಿಗೆ ಬಂದಾಗಲೆಲ್ಲ ನಿಮ್ಮ ಮಾತೇ ಆಡುತ್ತಿದ್ದುದರಿಂದ ನೋಡಿದಂತೆಯೇ ಆಗಿದೆ. ಹೈಟೆಕ್ ಸಿಟಿಯ ಕಟ್ಟಡದಲ್ಲಿ ಮರಳು ಹೊರುತ್ತಿದ್ದ ನಿಮ್ಮನ್ನು ಅಪ್ಪ ಚಹಾದ ಅಂಗಡಿಯಲ್ಲಿ ಕಂಡು ತಮ್ಮ ಕೆಲಸಕ್ಕೆ ಕರೆದುಕೊಂಡು ಹೋದದ್ದು ನಮಗೆಲ್ಲ ಬಾಯಿಪಾಠ.

ಅಪ್ಪನ ಎಡಗಿವಿ ಪೂರ್ತಿ ಹೋಗಿದೆ. ಬಲಗಿವಿಗೆ ಬಾಯಿ ಹಚ್ಚಿ ಕೂಗಿದರೆ ಕೇಳುತ್ತದೆ. ನಿಮ್ಮ ಕಾಗದವನ್ನೂ ಹಾಗೆಯೇ ಓದಿದೆ. ನಮ್ಮ ಮನೆಯಲ್ಲಿ ಒಂದು ಕಾಗದ ಓದಿದರೆ ಇಡೀ ಓಣಿಗೆ ಓದಿದ ಹಾಗೆ. ಪಕ್ಕದ ಮನೆಯ ಗಂಗೂಬಾಯಿ ಅತ್ತೆ ರೊಟ್ಟಿ ಬಡಿಯುವುದನ್ನು ಬಿಟ್ಟು ಬಂದು, "ಏ ಹುಡುಗಿ, ಕಣ್ಣಿನ ಮಾತು ಇನ್ನೊಮ್ಮೆ ಓದು, ಒಲಿ ಮುಂದ ಕೇಳಸಲಿಲ್ಲ" ಎಂದರು. ಎದುರು ಕಟ್ಟೆಯ ಮೌನಪ್ಪ ತಾತ, "ಬೂದೆಪ್ಪಗ ಕೇಳಸದಿದ್ರೂ ಸ್ಟೇಷನ್ ಮಾಸ್ತರಗ ಕೇಳಸೈತಿ ಬಿಡು" ಎಂದರು.

ಇನ್ನು ಮುಂದಿನದು ಅಪ್ಪ ಹೇಳಿದ್ದು. ಹೇಳಿದ ಹಾಗೇ ಬರೆಯುತ್ತೇನೆ.

"ಪರಮೇಶ, ನಿನ್ನ ಎಡಗಣ್ಣಿಗೆ ಏನಾಗೈತೋ? ಮೈಲು ದೂರದ ಹದ್ದಿನ ಬಾಲ ನೋಡಿ, ಮರಿನೋ ದೊಡ್ಡದೋ ಅಂತ ಹೇಳಾಂವ ನೀ. ಅಂಥಾ ಕಣ್ಣಿನಾಗ ದೋಷ ಕಂಡ ಡಾಕ್ಟರನ ಕಣ್ಣು ಮೊದಲು ತೋರಸಬೇಕು. ಒಂದು ಮಾತು ಹೇಳತೀನಿ, ಬ್ಯಾಸರ ಮಾಡ್ಕೋಬ್ಯಾಡ. ನಾ ಒಬ್ಬನೇ ನಾಲಾಯಕ್ ಆದೆ ಅಂತ ಇಷ್ಟು ದಿನ ಒಳಗ ಕೊರೀತಿತ್ತು. ನಿನ್ನೂ ಬಿಟ್ಟಾರಂತ ಕೇಳಿದ ಮ್ಯಾಲೆ ಊಟ ಸೇರಾಕತ್ತೈತಿ. ಅವರ ತಪಾಸಣೆನೇ ಖೊಟ್ಟಿ."

ಕಿವಿ ತಪಾಸಣೆಯ ದಿನದ ಕಥೆಯನ್ನು ಅಪ್ಪ ಓಣಿಯಲ್ಲಿ ಹೇಳದ ಸಂಜೆಯಿಲ್ಲ. ಡಾಕ್ಟರು ಬೆನ್ನ ಹಿಂದೆ ನಿಂತು ಮೆಲ್ಲಗೆ 'ಬಲಗೈ', 'ಎಡಗೈ' ಎನ್ನುವುದು, ಎದುರಿನ ಕಿಟಕಿಯಾಚೆ ನೀವು ನಿಂತು ಆ ಕೈ ಎತ್ತುವುದು, ನಿಮ್ಮನ್ನು ನೋಡಿ ಅಪ್ಪನೂ ಎತ್ತುವುದು. ಇದನ್ನೇ ಎಂಟು ದಿನ ತಗಡಿನ ಶೆಡ್ಡಿನ ಹಿಂದೆ ರೂಢಿ ಮಾಡಿದ್ದಿರಂತೆ. ಕಥೆಯ ಕೊನೆಗೆ ಅಪ್ಪ ಪ್ರತಿ ಸಲವೂ ಇದೇ ಮಾತು ಹೇಳುತ್ತಾರೆ: "ಹುಡುಗ ಎತ್ತೇ ಎತ್ತಿದ. ಕಿಟಕಿ ಗಾಜಿಗೆ ಬಿಸಲು ಹೊಡದು ನನಗ ಕಾಣಸಲಿಲ್ಲ. ಅಂವನ ತಪ್ಪಲ್ಲ, ಬಿಸಲಿನ ತಪ್ಪು."

ಅವ್ವ ನಂದಿಬಟ್ಟಲ ಹೂವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಹೈದರಾಬಾದಿಗೆ ಹೊರಟವರ ಕೈಯಲ್ಲಿ ಕಳಿಸಿದ್ದಾಳೆ. ನೀರಲ್ಲಿ ನೆನೆಸಿ ಆ ನೀರಿನಿಂದ ಕಣ್ಣು ತೊಳೆದುಕೊಳ್ಳಬೇಕಂತೆ.

ಗಂಗಾ

*

ರಸೂಲ್‌ಪುರ
14 ಡಿಸೆಂಬರ್ 2007

ಕಾಕಾ,

ಹೂವು ಬಂದವು. ಬಾಡಿದ್ದವು. ಆದರೂ ನೀರಿಗೆ ಹಾಕಿ ಕಣ್ಣು ತೊಳೆದುಕೊಂಡೆ. ಏನೂ ಆಗದ ಕಣ್ಣನ್ನು ತೊಳೆದುಕೊಂಡೆ.

ನಾನು ಕೈ ಎತ್ತಲಿಲ್ಲ. ಬಿಸಿಲು ಇದ್ದದ್ದು ನಿಜ. ಕಿಟಕಿಯ ಒಂದು ಬಾಗಿಲು ಮುಚ್ಚಿತ್ತು, ಇನ್ನೊಂದು ತೆರೆದಿತ್ತು. ನಾನು ಎತ್ತಿದ್ದರೂ ನಿಮಗೆ ಕಾಣುತ್ತಿತ್ತೋ ಇಲ್ಲವೋ ಎಂದು ಎಷ್ಟೋ ಸಲ ಲೆಕ್ಕ ಹಾಕಿದ್ದೇನೆ. ಕಾಣುತ್ತಿರಲಿಲ್ಲ ಎಂದುಕೊಂಡರೆ ಸ್ವಲ್ಪ ಹೊತ್ತು ಹಗುರವಾಗುತ್ತದೆ. ಆದರೆ ನೀವು ಕತ್ತು ಮುಂದೆ ಚಾಚಿ ನನ್ನನ್ನು ಹುಡುಕುತ್ತಿದ್ದುದು ನನಗೆ ಕಾಣುತ್ತಿತ್ತು. ಡಾಕ್ಟರು 'ಬಲಗೈ' ಎಂದದ್ದೂ ಕೇಳಿಸಿತು. ನನ್ನ ಎರಡೂ ಕೈ ಪ್ಯಾಂಟಿನ ಜೇಬಿನಲ್ಲಿದ್ದವು. 'ಎಡಗೈ' ಎಂದರು. ಆಗಲೂ ತೆಗೆಯಲಿಲ್ಲ. ನೀವು ಅಂದಾಜಿನ ಮೇಲೆ ಒಂದು ಕೈ ಎತ್ತಿದಿರಿ. ಅದು ಬಲಗೈ. ಡಾಕ್ಟರು ಕಾಗದದ ಮೇಲೆ ಏನೋ ಬರೆದರು.

ಹಿಂದಿನ ದಿನ ಮೇಸ್ತ್ರಿ ಚಂದ್ರಕಾಂತ ನನ್ನನ್ನು ಕರೆದು, "ತಾಯಪ್ಪ, ಅಂಬಾದಾಸ ಪಕ್ಕಾ ಅದಾರ. ಇನ್ನೊಂದು ಜಾಗ ಮುದುಕಂದೋ ನಿಂದೋ, ತಪಾಸಣೆ ಆದ ಮ್ಯಾಲೆ ನೋಡೋಣು" ಎಂದಿದ್ದರು. ಆ ಮಾತನ್ನು ನಿಮಗೆ ಹೇಳಲಿಲ್ಲ. ಹೇಳಿದ್ದರೆ ನೀವೇ, "ನೀ ಹೋಗೋ, ನಿಂದು ಇನ್ನೂ ಹರೇದ ವಯಸ್ಸು" ಅನ್ನುತ್ತಿದ್ದಿರೇನೋ. ಅದಕ್ಕೂ ಅವಕಾಶ ಕೊಡಲಿಲ್ಲ.

ಕಿವಿ ಕೇಳದವರು ರನ್‌ವೇ ಮೇಲೆ ಇರಬಾರದು, ನಾನು ಮಾಡಿದ್ದೇ ಸರಿ ಎಂದು ಒಮ್ಮೊಮ್ಮೆ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಆ ಹೊತ್ತಿನಲ್ಲಿ ನನಗೆ ಆ ಯೋಚನೆ ಬಂದಿರಲಿಲ್ಲ. ನಾಲ್ಕು ವರ್ಷ ವಾಕಿಟಾಕಿಯ ಮಾತನ್ನು ನಾನು ಕೇಳಿ ನಿಮ್ಮ ಹೆಗಲು ತಟ್ಟುತ್ತಿದ್ದೆ, ಗಾಳಿ ನೋಡಿ ಹದ್ದು ಎತ್ತ ತಿರುಗುತ್ತದೆಂದು ನೀವು ಹೇಳುತ್ತಿದ್ದಿರಿ. ಹಾಗೆ ಒಂದು ದಿನವೂ ತಪ್ಪಾಗಿರಲಿಲ್ಲ.

ನನಗೆ ಕೆಲಸ ಸಿಕ್ಕಿದೆ. ಸಂಕ್ರಾಂತಿಯ ಹೊತ್ತಿಗೆ ಶಂಷಾಬಾದಿನಲ್ಲಿ ತರಬೇತಿ.

ಇದನ್ನು ಅಂಚೆಪೆಟ್ಟಿಗೆಗೆ ಹಾಕಲು ಎರಡು ಸಲ ಹೋಗಿ ಬಂದೆ. ಗಂಗಾ ಇದನ್ನು ನಿಮ್ಮ ಕಿವಿಯಲ್ಲಿ ಕೂಗಬೇಕು. ಗಂಗೂಬಾಯಿ ಅತ್ತೆ ರೊಟ್ಟಿ ಬಿಟ್ಟು ಬರುತ್ತಾರೆ. ಇನ್ನೊಮ್ಮೆ ಓದು ಎನ್ನುತ್ತಾರೆ. ನಿಮ್ಮ ಮುಖವನ್ನು ಓಣಿಯೆಲ್ಲ ನೋಡುತ್ತದೆ.

ಹಾಕುವುದಿಲ್ಲ. ಟ್ರಂಕಿನಲ್ಲಿ ಇಡುತ್ತೇನೆ.

ಪರಮೇಶ

*

ರಸೂಲ್‌ಪುರ
27 ಜನವರಿ 2008

ಬೂದೆಪ್ಪ ಕಾಕಾ ಅವರಿಗೆ ಪರಮೇಶನ ನಮಸ್ಕಾರಗಳು.

ಕಣ್ಣು ಈಗ ಪರವಾಗಿಲ್ಲ. ಚಿಕ್ಕಮ್ಮನಿಗೆ ತಿಳಿಸಿರಿ. ಇನ್ನು ಹೂವು ಕಳಿಸುವುದು ಬೇಡ.

ನಿಲ್ದಾಣ ಮುಚ್ಚುತ್ತದೆಂದು ಇಲ್ಲಿಯ ಕಾಯಂ ನೌಕರರು ಗೇಟಿನ ಹತ್ತಿರ ಘೋಷಣೆ ಕೂಗುತ್ತಾರೆ. ನಾವು ಗುತ್ತಿಗೆಯವರು ತಲೆ ತಗ್ಗಿಸಿ ಪಕ್ಕದಿಂದ ಹೋಗುತ್ತೇವೆ. ಹೊಸದಾಗಿ ಸೇರಿದ ಲೋಡರ್ ಹುಡುಗರು ಈ ಜಾಗದ ಹಳೆಯ ಸಂಗತಿ ಕೇಳಿದರೆ, ನೀವು ಹೇಳಿದ್ದನ್ನೇ ಹೇಳುತ್ತೇನೆ. ನಿಜಾಮರ ಕಾಲದಲ್ಲಿ ಇಲ್ಲಿ ಬರೀ ಹುಲ್ಲಿನ ಬಯಲಿತ್ತು, ಎರಡು ರೆಕ್ಕೆಯ ಸಣ್ಣ ವಿಮಾನ ಇಳಿಯುವ ಮುಂಚೆ ಕುರಿ ಅಟ್ಟಲು ಆಳು ಓಡುತ್ತಿದ್ದ, ನಮ್ಮ ಕೆಲಸಕ್ಕೆ ಅವನೇ ಮೂಲಪುರುಷ ಎಂದು. ನೀವು ಎಂಬತ್ಮೂರರಲ್ಲಿ ಸೇರಿದಾಗ ದಿನಕ್ಕೆ ಹತ್ತೋ ಹನ್ನೆರಡೋ ವಿಮಾನ, ನಡುವೆ ಬೇವಿನ ನೆರಳಲ್ಲಿ ಒಂದು ನಿದ್ದೆ ಆಗುತ್ತಿತ್ತು ಎಂದು. ಭಾನುವಾರ ಜನ ಬುತ್ತಿ ಕಟ್ಟಿಕೊಂಡು, ಹತ್ತುವುದಕ್ಕಲ್ಲ, ಬರೀ ನೋಡುವುದಕ್ಕೆ ಬರುತ್ತಿದ್ದರು ಎಂದು. ಹುಡುಗರು ನಂಬುವುದಿಲ್ಲ.

ಈಗ ಒಂದು ಏರುವಷ್ಟರಲ್ಲಿ ಇನ್ನೊಂದು ಇಳಿಯಲು ಆಕಾಶದಲ್ಲಿ ಸುತ್ತು ಹಾಕುತ್ತಿರುತ್ತದೆ. ಕಂಪ್ಯೂಟರಿನ ಕರಿ ಚೀಲ ಹೆಗಲಿಗೆ ಹಾಕಿಕೊಂಡವರ ಸಾಲು ಬೆಳಿಗ್ಗೆ ಬಾಗಿಲಿನಿಂದ ಆಟೋ ನಿಲ್ಲುವ ಜಾಗದ ತನಕ ಬರುತ್ತದೆ. ಊರು ಇಷ್ಟು ಬೆಳೆದಿದ್ದಕ್ಕೇ ಈ ಜಾಗ ಸಾಲದಾಗಿದೆಯಂತೆ. ಹದ್ದುಗಳು ಮಾತ್ರ ನಿಮ್ಮ ಕಾಲದಲ್ಲಿ ಇದ್ದಷ್ಟೇ ಇವೆ. ಮಾಂಸದಂಗಡಿಯವರು ತ್ಯಾಜ್ಯ ಎಸೆಯುವ ಹೊತ್ತಿಗೆ ಕೊಳಚೆ ನಾಲೆಯ ಮೇಲೆ ಬಂದು ಸುತ್ತುತ್ತವೆ.

ಶಂಷಾಬಾದಿನಲ್ಲಿ ಹದ್ದಿನ ಕಾಟ ಕಡಿಮೆ. ಅಲ್ಲಿ ನವಿಲುಗಳದ್ದೇ ತೊಂದರೆ. ಪಟಾಕಿ ಹಚ್ಚಿದರೆ ಹಾರುವುದಿಲ್ಲ, ಒಮ್ಮೆ ತಿರುಗಿ ನೋಡಿ ನಡೆದುಕೊಂಡೇ ಹುಲ್ಲಿನೊಳಗೆ ಹೋಗುತ್ತವೆ. ಬೆಳಗಿನ ಮಂಜು ಕರಗುವ ತನಕ ಕಾಂಪೌಂಡಿನ ಮೇಲೆ ಸಾಲಾಗಿ ಕುಳಿತಿರುತ್ತವೆ.

ನೀವು ಆರೋಗ್ಯ ನೋಡಿಕೊಳ್ಳಿರಿ.

ಪರಮೇಶ

*

ಅಗಸಿ ಓಣಿ, ಸೇಡಂ
10 ಫೆಬ್ರವರಿ 2008

ಪರಮೇಶಣ್ಣನವರಿಗೆ,

ಅಪ್ಪನಿಗೆ ಕೆಲಸ ಸಿಕ್ಕಿದೆ. ಊರಾಚೆ ಸೀತಾರಾಮ ಸೇಠರ ಬಂಡೆ ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಹಗಲು ಕಾವಲು. ಲಾರಿಗಳು ಒಳಗೆ ಬಂದದ್ದು, ಹೊರಗೆ ಹೋದದ್ದು ನೋಡಬೇಕು. ಯಂತ್ರದ ಸದ್ದಿಗೆ ಅಲ್ಲಿ ಯಾರ ಮಾತೂ ಯಾರಿಗೂ ಕೇಳುವುದಿಲ್ಲ, ಎಲ್ಲರೂ ಸನ್ನೆಯಲ್ಲೇ ಮಾತಾಡುತ್ತಾರೆ. "ಅಲ್ಲೆ ಎಲ್ಲಾರೂ ನನ್ನ ಕುಲದವರೇ" ಎಂದು ಅಪ್ಪ ನಗುತ್ತಾರೆ. ಮೂರು ತಿಂಗಳ ಮೇಲೆ ಅಪ್ಪ ನಕ್ಕಿದ್ದು ಅದೇ ಮೊದಲು. ಬೆಳಿಗ್ಗೆ ತಾವೇ ಅಂಗಿ ಒಗೆದುಕೊಂಡು ಹೋಗುತ್ತಾರೆ.

ಇನ್ನು ಅವರು ಹೇಳಿದ್ದು.

"ಪರಮೇಶ, ಮಾರ್ಚಿಗೆ ನೀ ಬೀದಿಗೆ ಬರ್ತಿ. ಮತ್ತ ಮರಳು ಹೊರಾಕ ಹೋಗಬ್ಯಾಡ, ನಿನ್ನ ಎದಿಗೆ ಆ ಧೂಳು ಆಗಾಂಗಿಲ್ಲ. ನಾ ಸೇಠ್‌ಗ ಹೇಳೀನಿ, ನನ್ನ ಜಾಗಾಕ್ಕ ನನ್ನ ಹುಡುಗನ್ನ ತಗೋರಿ, ಅಂವ ನನಕಿಂತ ಹುಷಾರು ಅಂತ. ಸೇಠ್ ಒಬ್ಬರಿಗೇ ಜಾಗ ಐತಿ ಅಂತಾನ. ನನಗೇನು, ಮನೀ ಐತಿ, ಎರಡು ಹೊತ್ತಿನ ರೊಟ್ಟಿಗೆ ಕೊರತಿಲ್ಲ. ನಿನಗ ಯಾರದಾರ? ನೀ ಬಾ. ನಮ್ಮ ಮನಿಯಾಗೇ ಇರು."

ಕೇಳುತ್ತಿದ್ದ ಅವ್ವ ಎದ್ದು ಒಳಗೆ ಹೋದಳು. ಮನೆಯಲ್ಲಿ ರೊಟ್ಟಿಗೆ ಕೊರತೆ ಇಲ್ಲ ಎನ್ನುವುದು ಅಪ್ಪನ ಮಾತು.

ಈ ಕೆಳಗಿನದು ನನ್ನದು. ಅಪ್ಪನಿಗೆ ಗೊತ್ತಿಲ್ಲ.

ನಿಮ್ಮ ಹಿಂದಿನ ಕಾಗದ ಓದುವಾಗ ನವಿಲಿನ ಸಾಲು ಬಂದ ಕೂಡಲೇ ನನಗೆ ಅನುಮಾನ ಬಂತು. ಅದನ್ನು ಬಿಟ್ಟು ಮುಂದಿನದನ್ನು ಓದಿದೆ. ಬೇರೆಯವರ ಬಾಯಿಂದ ಕೇಳಿದವರು ಹೀಗೆ ಬರೆಯುವುದಿಲ್ಲ ಅಣ್ಣ. ತಿರುಗಿ ನೋಡುತ್ತವೆ, ಮಂಜು ಕರಗುವ ತನಕ ಕುಳಿತಿರುತ್ತವೆ ಎಂದರೆ, ನೀವು ಆ ಹೊತ್ತಿನಲ್ಲಿ ಅಲ್ಲಿ ನಿಂತಿದ್ದಿರಿ. ಪಟಾಕಿಯನ್ನೂ ಕೈಯಲ್ಲಿ ಹಿಡಿದಿದ್ದಿರಿ. ಕಣ್ಣು ಸರಿಯಿಲ್ಲವೆಂದು ಬಿಟ್ಟ ಆಳನ್ನು ಅಲ್ಲಿಗೆ ಯಾರು ಕರೆದೊಯ್ಯುತ್ತಾರೆ?

ನನ್ನ ಊಹೆ ತಪ್ಪಾಗಿದ್ದರೆ ಕ್ಷಮಿಸಿರಿ. ತಪ್ಪಾಗಿರಲಿ ಎಂದೇ ಬೇಡಿಕೊಳ್ಳುತ್ತಿದ್ದೇನೆ.

ಗಂಗಾ

*

ಸೇಡಂ
9 ಮಾರ್ಚ್ 2008

ಪರಮೇಶಣ್ಣ,

ಉತ್ತರ ಬರಲಿಲ್ಲ. ಅಪ್ಪ ದಿನಾ ಅಂಚೆಯವನನ್ನು ತಡೆದು ನಿಲ್ಲಿಸುತ್ತಾರೆ. "ಹುಡುಗ ನಾಚಿಕಿ ಸ್ವಭಾವದಾಂವ, ನನ್ನ ಕೆಲಸ ಕಸಗೊಂಡಂಗ ಆಗತೈತಂತ ಹಿಂದ ಸರದಾನ" ಎಂದು ಓಣಿಯವರಿಗೆ ಹೇಳುತ್ತಿದ್ದಾರೆ.

ನೀವು ಯಾಕೆ ಬರೆಯುತ್ತಿಲ್ಲ ಎಂಬುದು ನನಗೆ ಗೊತ್ತಾದಂತಿದೆ.

ಗಂಗಾ

*

ರಸೂಲ್‌ಪುರ
24 ಮಾರ್ಚ್ 2008

ಗಂಗಾ,

ಬೇಗಂಪೇಟೆ ಮೊನ್ನೆ ಮುಚ್ಚಿತು. ಶನಿವಾರ ನನ್ನದು ಹಗಲು ಪಾಳಿ. ಕೊನೆಯ ವಿಮಾನ ರಾತ್ರಿ ಹೋಯಿತಂತೆ, ಜನ ಕೈ ಬೀಸಿದರಂತೆ, ನಾನು ಇರಲಿಲ್ಲ. ಸಂಜೆ ಪಟಾಕಿಯ ಪೆಟ್ಟಿಗೆ ಒಪ್ಪಿಸಿ ಬರುವಾಗ ಚಂದ್ರಕಾಂತ, "ಮುದುಕ ಇದ್ದಿದ್ರ ಇವತ್ತ ಅತ್ತು ಬಿಡತಿದ್ದ" ಎಂದರು. ನಿನ್ನೆ ಬೆಳಿಗ್ಗೆ ಸ್ನಾನಕ್ಕೆಂದು ನಿಂತಾಗ ತಲೆಯ ಮೇಲೆ ಸದ್ದೇ ಇರಲಿಲ್ಲ. ಬಸ್ತಿಯವರು ಒಬ್ಬೊಬ್ಬರೇ ಹೊರಗೆ ಬಂದು ಆಕಾಶ ನೋಡುತ್ತಿದ್ದರು. ಇಪ್ಪತ್ನಾಲ್ಕು ವರ್ಷ ಆ ಸದ್ದಿನ ಕೆಳಗೆ ನಿಂತು ಕಿವಿ ಕಳೆದುಕೊಂಡ ಕಾಕಾನಿಗೆ ಈ ಮೌನ ಸಿಗಲಿಲ್ಲ, ನನಗೆ ಸಿಕ್ಕಿತು.

ನಿನ್ನ ಊಹೆ ಸರಿ. ಇದರ ಜೊತೆ ಡಿಸೆಂಬರಿನಲ್ಲಿ ಬರೆದು ಹಾಕದೆ ಇಟ್ಟ ಕಾಗದವನ್ನೂ ಇಟ್ಟಿದ್ದೇನೆ. ಎಲ್ಲವೂ ಅದರಲ್ಲಿದೆ. ಕಾಕಾನ ಕಿವಿಯಲ್ಲಿ ಅದನ್ನು ಓದು. ಓಣಿ ಕೇಳಿದರೆ ಕೇಳಲಿ. ನನ್ನ ಹೆಸರು ಕೆಡಬೇಕಾದದ್ದೇ. ಕಾಕಾ ಕಾರ್ಖಾನೆಯ ಕೆಲಸ ಬಿಡಬಾರದು.

ಆರು ವಾರ ಬರೆಯದೆ ಇದ್ದುದು ಎರಡನೆಯ ತಪ್ಪು. ದಿನಾ ನಾಳೆ ಎಂದುಕೊಳ್ಳುತ್ತಿದ್ದೆ.

ಪರಮೇಶ

*

ಅಗಸಿ ಓಣಿ, ಸೇಡಂ
4 ಏಪ್ರಿಲ್ 2008

ಪರಮೇಶಣ್ಣ,

ನಾನು ಓದಲಿಲ್ಲ.

ಲಕೋಟೆ ಒಡೆಯುವಾಗಲೇ ಗಂಗೂಬಾಯಿ ಅತ್ತೆ, ಮೌನಪ್ಪ ತಾತ, ಅವರ ಸೊಸೆಯರು ಎಲ್ಲ ಬಂದು ಕುಳಿತಿದ್ದರು. ಅಪ್ಪ ಬಲಗಿವಿ ನನ್ನ ಕಡೆ ತಿರುಗಿಸಿ, ಕಣ್ಣು ಮುಚ್ಚಿ, ಆಗಲೇ ನಗುತ್ತಾ ಕುಳಿತಿದ್ದರು. ಡಿಸೆಂಬರಿನ ಕಾಗದ ಹಿಡಿದು "ಕಾಕಾ, ಹೂವು ಬಂದವು" ಎಂದು ಕೂಗಿದೆ. ಅವ್ವನಿಗೆ ಖುಷಿಯಾಯಿತು. ಮುಂದಿನ ಸಾಲಿನ ಮೇಲೆ ಕಣ್ಣು ಓಡಿತು. ಅದು ನನ್ನ ಬಾಯಿಗೆ ಬರಲಿಲ್ಲ.

ಅಲ್ಲಿಯೇ ಒಂದು ಸುಳ್ಳು ಕಟ್ಟಿದೆ. ನಿಮಗೆ ಮೆಹದಿಪಟ್ಟಣಂನ ಒಂದು ಹೋಟೆಲಿನಲ್ಲಿ ಪ್ಲೇಟು ತೊಳೆಯುವ ಕೆಲಸ ಸಿಕ್ಕಿದೆ, ನೀವು ಬರುವುದಿಲ್ಲ, ಅಪ್ಪ ತಮ್ಮ ಕೆಲಸ ಬಿಡಬಾರದು ಎಂದು ಓದಿದೆ. ಜಾಣತನ ಮಾಡಿದೆ ಎಂದುಕೊಂಡೆ.

ಅಪ್ಪ ಕಣ್ಣು ತೆರೆದರು. "ಪ್ಲೇಟು ತೊಳಿಯಾಕ? ಆಕಾಶ ನೋಡೋ ಹುಡುಗನ್ನ ಮುಸುರಿ ಮುಂದ ಕೂಡಸ್ಯಾರ?" ಎಂದು ಎದ್ದವರೇ ಚಪ್ಪಲಿ ಮೆಟ್ಟಿಕೊಂಡು ಹೋದರು. ಒಂದು ತಾಸು ಬಿಟ್ಟು ಬಂದರು. ಸೇಠರಿಗೆ ಮಾತು ಕೊಟ್ಟು ಬಂದಿದ್ದಾರೆ. ಈ ತಿಂಗಳ ಮೂವತ್ತು ಅವರ ಕೊನೆಯ ದಿನ. ಮರುದಿನದಿಂದ ಆ ಜಾಗ ನಿಮ್ಮದು. ನೀವು ಬರದಿದ್ದರೆ ಸೇಠರು ತಮ್ಮ ಅಳಿಯನ ಕಡೆಯವನನ್ನು ಇಟ್ಟುಕೊಳ್ಳುತ್ತಾರೆ. ಅಪ್ಪನನ್ನು ಮತ್ತೆ ಕರೆಯುವುದಿಲ್ಲ.

ರಾಯಚೂರಿನ ಕಡೆ ಹೆಣ್ಣು ನೋಡೋಣ ಎಂದೂ ಅವ್ವನ ಹತ್ತಿರ ಮಾತಾಡುತ್ತಿದ್ದಾರೆ, ನಿಮಗೆ.

ನನಗೆ ನಿಮ್ಮ ಮೇಲೆ ಸಿಟ್ಟಿದೆ. ಇವತ್ತು ನನ್ನ ಮೇಲೂ ಇದೆ. ನಿಮ್ಮ ಒಂದು ಸುಳ್ಳಿಗೆ ನನ್ನದನ್ನೂ ಸೇರಿಸಿದೆ. ನನ್ನ ಬಾಯಿಂದ ಆ ಮಾತು ಹೊರಡುವುದಿಲ್ಲ ಅಣ್ಣ. ಎಲ್ಲರ ನಡುವೆ ಅಪ್ಪನ ಕಿವಿಯಲ್ಲಿ, 'ಅವನು ಕೈ ಎತ್ತಲಿಲ್ಲ' ಎಂದು ಹೇಗೆ ಕೂಗಲಿ? ಊರ ಹೊರಗೆ ಹೊಲಕ್ಕೆ ಕರೆದುಕೊಂಡು ಹೋಗಿ ಕೂಗೋಣವೆಂದುಕೊಂಡೆ. ಅಲ್ಲಿಯೂ ಕೂಗುವವಳು ನಾನೇ ಅಲ್ಲವೇ? ಮಾಡಿದವರು ನೀವು. ನೀವೇ ಹೇಳಬೇಕು.

ಇನ್ನು ಇಪ್ಪತ್ತಾರು ದಿನ ಇವೆ.

ಗಂಗಾ

*

ಶಂಷಾಬಾದ್
13 ಏಪ್ರಿಲ್ 2008

ಗಂಗಾ,

ರಜೆ ಕೇಳಿದೆ. ಹೊಸ ಜಾಗ, ಮೂರು ತಿಂಗಳು ಯಾರಿಗೂ ಇಲ್ಲ ಎಂದರು. ರಜೆ ಸಿಕ್ಕಿದ್ದರೂ ನಾನೇ ಬಂದು ಕಾಕಾನ ಕಿವಿಯಲ್ಲಿ ಕೂಗಬೇಕಾಗುತ್ತಿತ್ತು. ಅದಕ್ಕೆ ಹೆದರಿ ಹೆಚ್ಚು ಕೇಳಲಿಲ್ಲವೋ ಏನೋ, ನನಗೇ ತಿಳಿಯದು.

ಆದರೆ ಕಾಕಾನಿಗೆ ಓದಲು ಬರುವುದೇ ಇಲ್ಲ ಎಂದಲ್ಲ. ನನ್ನ ಕೋಣೆಯ ಗೋಡೆಯಲ್ಲಿದ್ದ ಕನ್ನಡ ಕ್ಯಾಲೆಂಡರಿನ ದೊಡ್ಡ ಅಕ್ಷರಗಳನ್ನು ಬೆರಳಿಟ್ಟು ಒಂದೊಂದಾಗಿ ಕೂಡಿಸುತ್ತಿದ್ದರು. ಹಬ್ಬದ ಹೆಸರು ಓದಲು ಒಂದು ಬೀಡಿ ಮುಗಿಯುವಷ್ಟು ಹೊತ್ತು ಬೇಕು, ಆದರೆ ತಪ್ಪುತ್ತಿರಲಿಲ್ಲ. ಇವತ್ತು ಅಬಿಡ್ಸಿನ ಪೇಟೆಗೆ ಹೋಗಿ ಮಕ್ಕಳು ಚಿತ್ರ ಬರೆಯುವ ದೊಡ್ಡ ಹಾಳೆ, ದಪ್ಪ ಪೆನ್ನು ತಂದೆ. ಕಾಕಾನ ಹೆಸರಿನ ಲಕೋಟೆಯಲ್ಲಿ ಅದನ್ನು ಬೇರೆಯಾಗಿ ಇಟ್ಟಿದ್ದೇನೆ. ನೀನು ಒಡೆಯಬೇಡ. ಅವರ ಕೈಗೆ ಕೊಡು. ಅವರೇ ಓದಲಿ. ಎಷ್ಟು ದಿನ ಹಿಡಿದರೂ ಸಹಾಯ ಮಾಡಬೇಡ. ಅದರಲ್ಲಿ ಏನಿದೆಯೆಂದು ನಿನಗೆ ತಿಳಿದಿರಬೇಕು, ಅದಕ್ಕೆ ಇಲ್ಲಿ ಸಣ್ಣದಾಗಿ ಬರೆದಿದ್ದೇನೆ.

ಕಾಕಾ,
ಕಿಟಕಿ ಹತ್ತಿರ ನಾನು ನಿಂತಿದ್ದೆ.
ಡಾಕ್ಟರ ಮಾತು ನನಗೆ ಕೇಳಿಸಿತು.
ನಾನು ಕೈ ಎತ್ತಲಿಲ್ಲ.
ಬೇಕೆಂದೇ ಎತ್ತಲಿಲ್ಲ.
ಬಿಸಿಲಿನ ತಪ್ಪಲ್ಲ.
ನಿಮ್ಮ ಜಾಗ ನನಗೆ ಸಿಕ್ಕಿತು.
ನನ್ನ ಕಣ್ಣಿಗೆ ಏನೂ ಆಗಿಲ್ಲ.
ನೀವು ಈ ಕೆಲಸ ಬಿಡಬೇಡಿ.
ಪರಮೇಶ

ಇದಕ್ಕಿಂತ ಹೆಚ್ಚು ಬರೆಯಲು ಹೋದಾಗಲೆಲ್ಲ ನನ್ನ ಪರವಾದ ಮಾತುಗಳೇ ಬರುತ್ತಿದ್ದವು. ಮೂರು ಹಾಳೆ ಹರಿದೆ.

ಪರಮೇಶ

*

ಅಗಸಿ ಓಣಿ, ಸೇಡಂ
27 ಏಪ್ರಿಲ್ 2008

ಪರಮೇಶಣ್ಣ,

ಲಕೋಟೆ ಹತ್ತೊಂಬತ್ತಕ್ಕೆ ಬಂತು. ಅಪ್ಪನ ಕೈಗೇ ಕೊಟ್ಟೆ. ಹಾಳೆ ಬಿಚ್ಚಿ, "ಏನಿದು, ಸಿನಿಮಾ ಪೋಸ್ಟರ್ ಬರದಾನ" ಎಂದು ನಕ್ಕರು. ಗಂಗೂಬಾಯಿ ಅತ್ತೆ ಬಂದು ಕುಳಿತರು. ಯಾರೂ ಏನೂ ಕೂಗದಿದ್ದುದನ್ನು ನೋಡಿ, "ಈ ಸಲ ಮೂಕಿ ಕಾಗದ ಬಂದೈತೇನು?" ಎಂದು ಎದ್ದು ಹೋದರು.

ಮೊದಲ ದಿನ ಅಪ್ಪ ಎರಡು ಸಾಲು ಓದಿದರು. ತುಟಿ ಅಲ್ಲಾಡುವುದು ಕಾಣುತ್ತಿತ್ತು. ಎರಡನೆಯ ದಿನ ಮಧ್ಯದಲ್ಲಿ ಬೆರಳು ನಿಂತಿತು. ಹಿಂದಕ್ಕೆ ಹೋಗಿ ಮೊದಲಿನಿಂದ ಓದಿದರು. ನನ್ನಿಂದ ತಡೆಯಲಾಗದೆ ಹತ್ತಿರ ಹೋದೆ. ಅಂಗೈ ಅಗಲಿಸಿ ಹಾಳೆಯ ಮೇಲೆ ಇಟ್ಟು ಮುಚ್ಚಿಕೊಂಡರು. ಮರುದಿನ ಟವೆಲಿನಲ್ಲಿ ಮಡಚಿ ಕಾರ್ಖಾನೆಗೆ ಒಯ್ದರು. ಮಧ್ಯಾಹ್ನ ಬುತ್ತಿ ಕೊಡಲು ಹೋದಾಗ ಪಾಲಿಶ್ ಆದ ಬಂಡೆಯ ಮೇಲೆ ಹಾಳೆ ಹಾಸಿ, ಎದುರಿಗೆ ಕುಳಿತಿದ್ದರು. ಓದುತ್ತಿರಲಿಲ್ಲ. ಒಂದು ಲಾರಿ ಒಳಗೆ ಬಂತು. ಅಪ್ಪ ಏಳಲಿಲ್ಲ. ಸೇಠರ ಗುಮಾಸ್ತ ಬಂದು ಹೆಗಲು ತಟ್ಟಿದ ಮೇಲೆ ಎದ್ದರು.

ಆ ಸಂಜೆ ಊಟಕ್ಕೆ ಕುಳಿತಾಗ, "ಕೆಲಸ ಬಿಡಾಂಗಿಲ್ಲ. ಸೇಠ್‌ಗ ಹೇಳಿ ಬಂದೀನಿ" ಎಂದರು. ಯಾಕೆಂದು ಅವ್ವ ಕೂಗಿ ಕೇಳಿದಳು. "ಹುಡುಗಗ ಅಲ್ಲೇ ಕೆಲಸ ಆಗೈತಿ. ಅಂವ ಬರಾಂಗಿಲ್ಲ" ಎಂದು ರೊಟ್ಟಿ ಮುರಿದರು. ಅಷ್ಟೇ. ಮುಸುರೆಯಿಂದ ಪಾರಾದನಲ್ಲ ಎಂದು ಅವ್ವನಿಗೆ ಸಮಾಧಾನವಾಯಿತು. ಅವಳಿಗೆ ನಾನು ಬೇರೆ ಏನೂ ಹೇಳಿಲ್ಲ.

ಕಟ್ಟೆಯ ಮೇಲೆ ಮೌನಪ್ಪ ತಾತ ಸೊಸೆಯ ತವರಿನಿಂದ ಬಂದವರಿಗೆ ಕೇಳಿಸಲೆಂದು, "ಬೂದೆಪ್ಪ, ಆ ಕಿಟಕಿ ಕಥಿ ಹೇಳು" ಎಂದು ಸನ್ನೆ ಮಾಡಿದರು. ಅಪ್ಪನಿಗೆ ತಿಳಿಯಿತು. ತಿಳಿಯದವರಂತೆ ಎದ್ದು ಒಳಗೆ ಬಂದರು. ಎಂಟು ದಿನದಿಂದ ಆ ಕಥೆ ಹೇಳಿಲ್ಲ. ನಿಮ್ಮ ಹೆಸರನ್ನೂ ಎತ್ತಿಲ್ಲ. ಹಾಳೆ ಎಲ್ಲಿದೆಯೋ ಗೊತ್ತಿಲ್ಲ, ಹುಡುಕಿಲ್ಲ.

ನಿಮ್ಮನ್ನು ಕ್ಷಮಿಸಿದ್ದಾರೋ ಇಲ್ಲವೋ ಹೇಳಲಾರೆ. ಅದು ಕೂಗಿ ಕೇಳುವ ಮಾತಲ್ಲ.

ಇವತ್ತು ಮಧ್ಯಾಹ್ನ ಕಾಗದ, ಪೆನ್ನು ಹಿಡಿದು ಎದುರಿಗೆ ಕುಳಿತೆ. ಸನ್ನೆಯಲ್ಲಿ, ಬರೆಯಲೇ ಎಂದು ಕೇಳಿದೆ. ಅಂಗಳದ ಕಡೆ ತಿರುಗಿ ಕುಳಿತರು. ಬೇಡ ಎನ್ನುತ್ತಾರೆಂದು ಪೆನ್ನು ಮುಚ್ಚಿದೆ. ಆಗ ಹೇಳಿದರು.

"ಪಟಾಕಿ ಹಚ್ಚೂಮುಂದ ಕಿವಿಯಾಗ ಹತ್ತಿ ಇಟ್ಕೊಂತಾನೇನು ಕೇಳು. ನಾ ಇಟ್ಕೊಳ್ಳಲಿಲ್ಲ. ಅಂವಗೂ ಹೇಳಿ ಕೊಡಲಿಲ್ಲ. ಎರಡೂ ಕಿವಿಯಾಗ ಇಟ್ಕೋ ಅಂತ ಬರಿ."

ಇನ್ನೇನು ಬರೆಯಲಿ ಎಂದು ಕೈ ತಿರುಗಿಸಿ ಕೇಳಿದೆ.

"ಇಷ್ಟೇ ಬರಿ" ಎಂದರು. ಬರೆದು ತೋರಿಸಿದೆ. ಹಾಳೆಯನ್ನು ಹತ್ತಿರ ಹಿಡಿದು 'ಹತ್ತಿ' ಎಂಬಲ್ಲಿ ಬೆರಳಿಟ್ಟು ಎರಡು ಸಲ ಕೂಡಿಸಿ ಓದಿದರು. ಆಮೇಲೆ ತಾವೇ ಮಡಚಿ, ಅಂಚೆಗೆ ಹಾಕಿ ಬಾ ಎಂದು ನನ್ನ ಕೈಗೆ ಕೊಟ್ಟರು. ಅದನ್ನು ಮತ್ತೆ ಬಿಚ್ಚಿ ಉಳಿದುದೆಲ್ಲವನ್ನೂ ಅಂಚೆ ಕಚೇರಿಯ ಕಟ್ಟೆಯ ಮೇಲೆ ಕುಳಿತು ನಾನು ಸೇರಿಸಿದ್ದೇನೆ.

ಗಂಗಾ